ಚಿಕ್ಕ ವಿಮಾನಕ್ಕೆ ಬಂಕ್ ಪೆಟ್ರೋಲ್: ತರುವುದು, ಇಡುವುದು, ತುಂಬುವುದು ಹೇಗೆ – ಸಮಗ್ರ ಮಾರ್ಗದರ್ಶಿ

ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದು ವಿಮಾನಕ್ಕೆ ಹಾಕುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲು ತುಂಬುತ್ತಾರೆ, ಆಮೇಲೆ ಪರೀಕ್ಷೆ ಮಾಡುತ್ತಾರೆ. ಪೆಟ್ರೋಲ್ ಕ್ಯಾನಿನಲ್ಲೇ ಇದ್ದಾಗ ದೋಷ ಸಿಕ್ಕಿಬಿದ್ದರೆ 20 ಲೀಟರಿನ ನಷ್ಟ, ಅಷ್ಟೇ. ವಿಮಾನದ ಟ್ಯಾಂಕಿಗೆ ಇಳಿದ ಮೇಲೆ ಗೊತ್ತಾದರೆ ಟ್ಯಾಂಕು, ಪೈಪು, ಫಿಲ್ಟರು, ಕಾರ್ಬ್ಯುರೇಟರು ಎಲ್ಲವನ್ನೂ ಬಸಿದು ತೊಳೆಯಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿ ಮುಂದಕ್ಕೆ ಹೋದರೆ ಮುಂದಿನದಕ್ಕೆ ಅರ್ಥವೇ ಇರುವುದಿಲ್ಲ.

## 1. ನಿಮ್ಮ ವಿಮಾನಕ್ಕೆ ಇದು ಆಗುತ್ತದಾ, ಮೊದಲು ನೋಡಿ

ಎಂಜಿನ್ ಕಂಪನಿ ಒಪ್ಪಿದರೆ ಸಾಕು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಾಲದು. ಎಂಜಿನ್ ಮಾನ್ಯುಯಲ್ ಒಂದು, ವಿಮಾನದ ಮಾನ್ಯುಯಲ್ ಇನ್ನೊಂದು. ಎರಡೂ ಒಪ್ಪಬೇಕು. ಟ್ಯಾಂಕಿನ ರೆಸಿನ್, ರಬ್ಬರ್ ಪೈಪು, ವಾಷರು, ಪಂಪು ಇವೆಲ್ಲ ವಿಮಾನ ಮಾಡಿದವರ ಲೆಕ್ಕ, ಅದರ ಬಗ್ಗೆ ಎಂಜಿನ್ ಮಾಡಿದವರಿಗೆ ಏನೂ ಗೊತ್ತಿರುವುದಿಲ್ಲ.

ಉದಾಹರಣೆಗೆ ಚಿಕ್ಕ ವಿಮಾನಗಳ ಎಂಜಿನ್ ರೋಟಾಕ್ಸ್ 912. ಇದರ 80 ಕುದುರೆಶಕ್ತಿಯ ಎಂಜಿನ್ನಿಗೆ ಪೆಟ್ರೋಲಿನ ಆಕ್ಟೇನ್ (ಬಡಿದುಕೊಳ್ಳದೆ ಉರಿಯುವ ಗುಣದ ಅಂಕ) ಕಡಿಮೆ ಅಂದರೆ 90 ಆರ್‌ಒಎನ್ ಬೇಕು, 100 ಕುದುರೆಶಕ್ತಿಯ 912 ಯುಎಲ್‌ಎಸ್‌ಗೆ 95. ಎಥನಾಲ್ 10% ವರೆಗೆ ಇದ್ದರೂ ನಡೆಯುತ್ತದೆ ಅಂತ ಎಂಜಿನ್ ಕಡೆಯವರು ಹೇಳುತ್ತಾರೆ. ಆದರೆ ಅದೇ ಎಂಜಿನ್ ಕೂರಿಸಿದ ವಿಮಾನದ ಟ್ಯಾಂಕಿಗೆ ಎಥನಾಲ್ ಆಗದೇ ಇರಬಹುದು. ಹಳೇ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್ ಇರುವ ಪ್ರಮಾಣಪತ್ರದ ವಿಮಾನಗಳಿಗೆ ಬಂಕ್ ಪೆಟ್ರೋಲ್ ಹಾಕಲು ಬೇರೆಯೇ ಪೂರಕ ಅನುಮತಿ ಬೇಕಾಗುತ್ತದೆ, ಮತ್ತು ಅಂಥ ಅನುಮತಿಗಳಲ್ಲಿ ಸಾಮಾನ್ಯವಾಗಿ ಎಥನಾಲ್‌ಗೆ ಜಾಗವೇ ಇಲ್ಲ.

ಇನ್ನೊಂದು ಕಡೆ ಜನ ಮೋಸ ಹೋಗುತ್ತಾರೆ, ಪಂಪಿನ ಮೇಲೆ ಬರೆದ ಸಂಖ್ಯೆಯಲ್ಲಿ. ಆಕ್ಟೇನ್ ಅಳೆಯುವುದಕ್ಕೆ ಒಂದಕ್ಕಿಂತ ಜಾಸ್ತಿ ಲೆಕ್ಕ ಇವೆ. ಕೆಲವು ದೇಶಗಳಲ್ಲಿ ಆರ್‌ಒಎನ್ ಬರೆಯುತ್ತಾರೆ, ಕೆಲವು ಕಡೆ ಎಕೆಐ. ಒಂದೇ ಪೆಟ್ರೋಲಿಗೆ ಎಕೆಐ ಸಂಖ್ಯೆ ನಾಲ್ಕೈದು ಕಡಿಮೆ ಬರುತ್ತದೆ. ಅಂದರೆ 91 ಎಕೆಐ ಹೆಚ್ಚುಕಡಿಮೆ 95 ಆರ್‌ಒಎನ್‌ಗೆ ಸಮ. ಆದರೆ 91 ಆರ್‌ಒಎನ್ ಅನ್ನು ನೋಡಿ 'ಓ, ಇದೇ' ಅಂತ 912 ಯುಎಲ್‌ಎಸ್‌ಗೆ ಸುರಿದರೆ ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಬಡಿದುಕೊಳ್ಳುತ್ತದೆ. ಆಕ್ಟೇನ್ ಬೂಸ್ಟರ್ ಬಾಟಲಿ ಹಾಕಿ ಸರಿ ಮಾಡ್ತೀನಿ ಅನ್ನುವ ಯೋಚನೆ ಬೇಡ.

## 2. ಸಾಮಾನು ಜೋಡಿಸಿಕೊಳ್ಳಿ

ಕ್ಯಾನ್: ಪೆಟ್ರೋಲಿಗಾಗಿಯೇ ಮಾಡಿದ, ಯುಎನ್ ಗುರುತು ಅಚ್ಚಾಗಿರುವ ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾನ್. ನೀರಿನ ಕ್ಯಾನ್, ಎಣ್ಣೆ ಕ್ಯಾನ್, ಕೂಲೆಂಟ್ ಡಬ್ಬ ಯಾವುದೂ ಬೇಡ. ಪ್ಲಾಸ್ಟಿಕ್ ಕ್ಯಾನಿನ ಮೇಲೆ ತಯಾರಾದ ವರ್ಷವೂ ಅಚ್ಚಾಗಿರುತ್ತದೆ. ಬಿಸಿಲು ತಿಂದು ಬಣ್ಣ ಮಾಸಿದ, ಹಿಡಿಯ ಬುಡದಲ್ಲಿ ಸಣ್ಣ ಬಿಳಿ ಗೆರೆ ಮೂಡಿದ ಕ್ಯಾನಿನ ಆಯುಷ್ಯ ಮುಗಿದಿದೆ. ಸತುವಿನ ಲೇಪನದ ಡಬ್ಬ, ತಾಮ್ರದ ಪೈಪು ದೂರ ಇಡಿ. ಪೆಟ್ರೋಲ್ ಬೇಗ ಅಂಟಂಟಾಗುವುದಕ್ಕೆ ತಾಮ್ರವೇ ದಾರಿ ಮಾಡಿಕೊಡುತ್ತದೆ.

ಗಾತ್ರದ ವಿಷಯ: 20 ಲೀಟರ್ ಪೆಟ್ರೋಲ್ ಅಂದರೆ ಸುಮಾರು 15 ಕಿಲೋ, ಅದರ ಮೇಲೆ ಕ್ಯಾನಿನ ತೂಕ. ರೆಕ್ಕೆ ಮೇಲಿರುವ ವಿಮಾನವಾದರೆ ಅದನ್ನು ಏಣಿ ಮೇಲೆ ನಿಂತು ತಲೆ ಎತ್ತರಕ್ಕೆ ಹಿಡಿದು ಸುರಿಯಬೇಕು. ಐದನೇ ನಿಮಿಷಕ್ಕೆ ಕೈ ನಡುಗುತ್ತದೆ, ಚೆಲ್ಲುತ್ತದೆ. ಎರಡು 10 ಲೀಟರ್ ಕ್ಯಾನ್ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ.

ಜೊತೆಗೆ ಲೋಹದ ಆಲಿಕೆ, ಎರಡೂ ತುದಿಗೆ ಗಟ್ಟಿ ಕ್ಲಿಪ್ ಇರುವ ಬಾಂಡಿಂಗ್ ವೈರ್ (ಕ್ಯಾನಿಗೂ ವಿಮಾನಕ್ಕೂ ಜೋಡಿಸಿ ಕಿಡಿ ಹಾರದಂತೆ ತಡೆಯುವ ತಂತಿ), 100 ಮಿ.ಲೀ. ಗುರುತಿರುವ ಉದ್ದನೆಯ ಗಾಜಿನ ಅಳತೆ ಕೊಳವೆ, ಅಗಲ ಬಾಯಿಯ ಗಾಜಿನ ಜಾಡಿ, ನೈಟ್ರೈಲ್ ಕೈಗವಸು, ಡ್ರೈ ಪೌಡರ್ ಅಗ್ನಿಶಾಮಕ, ಮಾಸ್ಕಿಂಗ್ ಟೇಪ್, ಪೆನ್ನು. ಟೇಪು ಪೆನ್ನು ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಳಬರು ಹೇಳುವ ಚರ್ಮದ ಸೋಸು ಬಟ್ಟೆಯನ್ನು ಈಗ ಬಿಟ್ಟುಬಿಡಿ. ಅದು ಒಮ್ಮೆ ನೆನೆದ ಮೇಲೆ ನೀರನ್ನೂ ಬಿಡುತ್ತದೆ. ಅದರ ಸಿಂಥೆಟಿಕ್ ನಕಲುಗಳಂತೂ ನೀರು ತಡೆಯುವುದಿಲ್ಲ, ಮೇಲಿಂದ ಸ್ಟ್ಯಾಟಿಕ್ (ಉಜ್ಜಾಟದಿಂದ ಕೂಡುವ, ಕಿಡಿ ಹಾರಿಸಬಲ್ಲ ವಿದ್ಯುತ್ ಚಾರ್ಜ್) ಹುಟ್ಟಿಸುತ್ತವೆ.

## 3. ಬಂಕಿನಲ್ಲಿ ತುಂಬಿಸುವುದು

ವ್ಯಾಪಾರ ಜಾಸ್ತಿ ಇರುವ ಬಂಕಿಗೆ ಹೋಗಿ. ಅಲ್ಲಿ ನೆಲದಡಿ ಟ್ಯಾಂಕಿನ ಪೆಟ್ರೋಲ್ ಬೇಗ ಬೇಗ ಬದಲಾಗುತ್ತದೆ. ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಆಗ ತುಂಬಿಸಬೇಡಿ, ತಳದಲ್ಲಿ ಕೂತಿದ್ದ ಗಸಿ, ನೀರು ಎಲ್ಲ ಕದಡಿರುತ್ತದೆ.

ಕೆಲವು ಪಂಪುಗಳಲ್ಲಿ ಬೇರೆ ಬೇರೆ ದರ್ಜೆಯ ಪೆಟ್ರೋಲಿಗೂ ಒಂದೇ ಪೈಪು. ನಿಮಗಿಂತ ಮುಂಚೆ ಬಂದವರು ಕಡಿಮೆ ಆಕ್ಟೇನ್ ಹಾಕಿಸಿದ್ದರೆ ಅದು ಪೈಪಿನಲ್ಲೇ ಉಳಿದಿರುತ್ತದೆ. ಮೊದಲ ನಾಲ್ಕೈದು ಲೀಟರನ್ನು ನಿಮ್ಮ ಕಾರಿಗೇ ಹಾಕಿಸಿ, ಆಮೇಲೆ ಕ್ಯಾನಿಗೆ.

ಈಗ ಮುಖ್ಯ ಮಾತು. ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲೆ ಇಡಿ. ಡಿಕ್ಕಿಯಲ್ಲೇ, ಪಿಕಪ್ಪಿನ ಹಿಂದಿನ ಪ್ಲಾಸ್ಟಿಕ್ ಹಾಸಿನ ಮೇಲೆಯೇ ಇಟ್ಟು ತುಂಬಿಸಿದಾಗ ಬೆಂಕಿ ಹತ್ತಿಕೊಂಡ ಘಟನೆಗಳು ನಿಜಕ್ಕೂ ಆಗಿವೆ. ಪೆಟ್ರೋಲ್ ಹರಿಯುವಾಗಲೇ ಸ್ಟ್ಯಾಟಿಕ್ ಹುಟ್ಟುತ್ತದೆ. ಕ್ಯಾನ್ ಪ್ಲಾಸ್ಟಿಕ್ ಅಥವಾ ಕಾರ್ಪೆಟ್ ಮೇಲೆ ಕೂತಿದ್ದರೆ ಆ ಚಾರ್ಜ್ ನೆಲಕ್ಕೆ ಇಳಿಯಲು ದಾರಿ ಇಲ್ಲ, ಕ್ಯಾನಿನ ಬಾಯಲ್ಲಿ ನಾಜಲ್ ಹತ್ತಿರ ಬಂದಾಗ ಕಿಡಿಯಾಗಿ ಹಾರುತ್ತದೆ. ಆವಿ ಇರುವುದೂ ಅದೇ ಬಾಯಲ್ಲೇ, ಅಲ್ವಾ?

ನಾಜಲ್ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ತುಂಬಿ ಮುಗಿಯುವ ತನಕ. ನಿಧಾನವಾಗಿ ಬಿಡಲು ಹೇಳಿ. 95% ತುಂಬಿದ ಮೇಲೆ ನಿಲ್ಲಿಸಿ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1% ಹಿಗ್ಗುತ್ತದೆ, 20 ಡಿಗ್ರಿ ಏರಿದರೆ 20 ಲೀಟರಿಗೆ 400 ಮಿ.ಲೀ. ಹೆಚ್ಚುವರಿ ಜಾಗ ಬೇಕು. ಮುಚ್ಚಳ ಬಿಗಿ ಮಾಡಿ, ಹೊರಗೆ ಒರೆಸಿ, ಆಮೇಲೆ ಗಾಡಿಗೆ ಹತ್ತಿಸಿ.

## 4. ಎಥನಾಲ್ ಪರೀಕ್ಷೆ

ಎಥನಾಲ್ ಇಲ್ಲ ಅಂತ ಬೋರ್ಡ್ ಹಾಕಿದ್ದರೂ ಪ್ರತಿ ಸಲ ತಂದಾಗಲೂ ಮಾಡಿ. ಹತ್ತು ಹದಿನೈದು ನಿಮಿಷದ ಕೆಲಸ.

ಅಳತೆ ಕೊಳವೆಗೆ 10 ಮಿ.ಲೀ. ನೀರು ಹಾಕಿ. ಮೇಲೆ 100ರ ಗೆರೆಯ ತನಕ ಪೆಟ್ರೋಲ್, ಅಂದರೆ 90 ಮಿ.ಲೀ. ಬಿರಡೆ ಹಾಕಿ ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ, ಒಳಗೆ ಒತ್ತಡ ಏರಿರುತ್ತದೆ, ಹಾಗಾಗಿ ಬಿರಡೆಯನ್ನು ಮುಖದಿಂದ ದೂರ ಹಿಡಿದು ಮೆಲ್ಲಗೆ ಸಡಿಲಿಸಿ. ಸಮತಟ್ಟಾದ ಕಡೆ ಹತ್ತು ನಿಮಿಷ ಬಿಡಿ. ಕೆಳಗೆ ನೀರು, ಮೇಲೆ ಪೆಟ್ರೋಲ್, ನಡುವೆ ಒಂದು ಸ್ಪಷ್ಟ ಗೆರೆ.

ಗೆರೆ 10ರಲ್ಲೇ ನಿಂತಿದ್ದರೆ ಎಥನಾಲ್ ಇಲ್ಲ. ಮೇಲಕ್ಕೆ ಏರಿದ್ದರೆ ಇದೆ, ಯಾಕಂದರೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ. 19ರ ಹತ್ತಿರ ಬಂದರೆ ಸುಮಾರು 10%. ಅದಕ್ಕಿಂತ ಮೇಲೆ ಹೋದರೆ ರೋಟಾಕ್ಸಿಗೂ ಬೇಡ, ಕಾರಿಗೆ ಹಾಕಿ. ಪರೀಕ್ಷೆ ಮಾಡಿದ ಪೆಟ್ರೋಲನ್ನು ಮತ್ತೆ ಕ್ಯಾನಿಗೆ ಸುರಿಯಬೇಡಿ, ನೀರು ಸೇರಿದೆ.

ಡೀಸೆಲ್ ಬೆರೆತಿರಬಹುದು ಅನ್ನುವ ಅನುಮಾನ ಇದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಒಳ್ಳೇ ಪೆಟ್ರೋಲ್ ಆರಿ ಗುರುತೇ ಇಲ್ಲದಂತೆ ಹೋಗುತ್ತದೆ. ಎಣ್ಣೆ ಹೀರಿದಂಥ ಉಂಗುರ ಉಳಿದರೆ ಆ ಕ್ಯಾನ್ ಪೂರ್ತಿ ಪಕ್ಕಕ್ಕಿಡಿ.

## 5. ಗಾಡಿಯಲ್ಲಿ ಒಯ್ಯುವುದು

ಕ್ಯಾನ್ ನೆಟ್ಟಗೆ ನಿಲ್ಲಲಿ, ಬೆಲ್ಟ್ ಹಾಕಿ ಕಟ್ಟಿ. ಜನ ಕೂರುವ ಜಾಗದಲ್ಲಿ ಬೇಡ. ಪಿಕಪ್ ಅಥವಾ ಟ್ರೇಲರ್ ಇದ್ದರೆ ಉತ್ತಮ. ಕಾರೇ ಗತಿ ಅಂದರೆ ಕಿಟಕಿ ಇಳಿಸಿ, ಒಳಗೆ ಯಾರೂ ಸಿಗರೇಟ್ ಹಚ್ಚಬಾರದು, ದಾರಿಯಲ್ಲಿ ಊಟಕ್ಕೆ ಅಂತ ಬಿಸಿಲಲ್ಲಿ ನಿಲ್ಲಿಸಿ ಹೋಗಬಾರದು. ನೇರ ಬಂಕಿನಿಂದ ಜಾಗಕ್ಕೆ.

ಖಾಲಿ ಕ್ಯಾನ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನೋಡಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4%ರಿಂದ 7.6%ರ ನಡುವೆ ಇದ್ದಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಸಾಮಾನ್ಯವಾಗಿ ಆವಿ ಇದಕ್ಕಿಂತ ಎಷ್ಟೋ ಜಾಸ್ತಿ, ಹೊತ್ತಲು ಗಾಳಿ ಸಾಲದು. ಮುಚ್ಚಳ ತೆಗೆದಿಟ್ಟ, ಬರೀ ನಾಲ್ಕು ಹನಿ ಉಳಿದ ಕ್ಯಾನಿನಲ್ಲಿ ಅಳತೆ ಸರಿಯಾಗಿ ಕೂಡಿಬರಬಹುದು. ಖಾಲಿ ಕ್ಯಾನಿಗೂ ಮುಚ್ಚಳ ಬಿಗಿಯಾಗಿರಲಿ.

ಎಷ್ಟು ಲೀಟರ್ ಒಯ್ಯಬಹುದು, ಎಷ್ಟು ಇಡಬಹುದು ಅನ್ನುವುದಕ್ಕೆ ಎಷ್ಟೋ ದೇಶಗಳಲ್ಲಿ ಮಿತಿ ಇದೆ. ಮೊದಲೇ ವಿಚಾರಿಸಿ, ವಿಮೆಯ ಕರಾರನ್ನೂ ಓದಿ. ಹ್ಯಾಂಗರ್ ಮಾಲೀಕರ ನಿಯಮ ಇನ್ನೂ ಬಿಗಿ ಇರಬಹುದು.

## 6. ಶೇಖರಿಸಿ ಇಡುವುದು

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ಹೋಗುತ್ತದೆ, ದೂರದಲ್ಲಿರುವ ಕಿಡಿಯನ್ನು ಮುಟ್ಟಿ ಬೆಂಕಿಯಾಗಿ ವಾಪಸ್ ಬರುತ್ತದೆ. ಅದಕ್ಕೆ ಶೆಡ್ಡಿನ ಗಾಳಿಕಿಂಡಿ ನೆಲದ ಮಟ್ಟದಲ್ಲೂ ಇರಬೇಕು, ಮೇಲೆ ಮಾತ್ರ ಇದ್ದರೆ ಪ್ರಯೋಜನ ಇಲ್ಲ. ಗ್ಯಾಸ್ ಗೀಜರ್, ಹೀಟರ್, ಫ್ರಿಜ್, ಬ್ಯಾಟರಿ ಚಾರ್ಜರ್ ಇರುವ ಕೋಣೆ ಬೇಡ. ಸದಾ ಉರಿಯುವ ಸಣ್ಣ ಜ್ವಾಲೆಯಿಂದ 15 ಮೀಟರಾದರೂ ದೂರ. ವಾಸದ ಮನೆಗೆ ಅಂಟಿಕೊಂಡ ಗ್ಯಾರೇಜ್ ಬೇಡ.

ಕ್ಯಾನ್ ನೆರಳಲ್ಲಿ, ಹಲಗೆ ಮೇಲೆ, ಕೆಳಗೆ ಒಂದು ಲೋಹದ ತಟ್ಟೆ. ಸ್ಟೀಲ್ ಕ್ಯಾನ್ ಸಿಮೆಂಟ್ ನೆಲದ ತೇವಕ್ಕೆ ತಳದಿಂದಲೇ ತುಕ್ಕು ಹಿಡಿಯುತ್ತದೆ.

ಈಗ ಆ ಟೇಪು. ಪ್ರತಿ ಕ್ಯಾನಿಗೂ ಮೂರು ಸಂಗತಿ ಬರೆದು ಅಂಟಿಸಿ: ತಂದ ದಿನ, ಆಕ್ಟೇನ್, ಎಥನಾಲ್ ಪರೀಕ್ಷೆಯಲ್ಲಿ ಬಂದ ಸಂಖ್ಯೆ. ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಇರುವುದಿಲ್ಲ. ಹಳೆಯದನ್ನು ಮೊದಲು ಖರ್ಚು ಮಾಡಿ. ಟೂ ಸ್ಟ್ರೋಕ್ ಎಂಜಿನ್ನೂ ಇಟ್ಟುಕೊಂಡವರು ಎಣ್ಣೆ ಬೆರೆಸಿದ ಪೆಟ್ರೋಲಿಗೆ ಬೇರೆಯೇ ಬಣ್ಣದ ಟೇಪ್ ಸುತ್ತಿ. ಎಣ್ಣೆ ಇಲ್ಲದ ಪೆಟ್ರೋಲ್ ಟೂ ಸ್ಟ್ರೋಕಿಗೆ ಹೋದರೆ ಹಾರುವಾಗಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಎಷ್ಟು ದಿನ ಇಡಬಹುದು? ಎಥನಾಲ್ ಇಲ್ಲದ್ದು, ಬಿಗಿ ಮುಚ್ಚಳ, ತಂಪು ಜಾಗ ಅಂದರೆ ಆರು ತಿಂಗಳವರೆಗೆ. 10% ಎಥನಾಲ್ ಇರುವುದಕ್ಕೆ ಮೂರು ತಿಂಗಳು ಅನ್ನುತ್ತಾರೆ. ವಿಮಾನಕ್ಕಾದರೆ ನಾನು ಒಂದು ತಿಂಗಳ ಮೇಲೆ ಇಡುವುದಿಲ್ಲ. ವಿಮಾನದ ಟ್ಯಾಂಕಿಗೆ ಗಾಳಿಕಿಂಡಿ ಇರುವುದರಿಂದ ಅಲ್ಲಿ ಇನ್ನೂ ಬೇಗ ಕೆಡುತ್ತದೆ.

ಎಥನಾಲ್ ಪೆಟ್ರೋಲಿನ ನಿಜವಾದ ತೊಂದರೆ ನೀರು. 15 ಡಿಗ್ರಿ ಹತ್ತಿರ 10% ಎಥನಾಲ್ ಪೆಟ್ರೋಲ್ ಸುಮಾರು 0.5% ನೀರನ್ನು ಕರಗಿಸಿ ಇಟ್ಟುಕೊಳ್ಳುತ್ತದೆ, ಕಣ್ಣಿಗೆ ಕಾಣಿಸದಂತೆ. 20 ಲೀಟರಿಗೆ 100 ಮಿ.ಲೀ. ಆಯಿತು. ಮಿತಿ ಮೀರಿದರೆ, ಅಥವಾ ರಾತ್ರಿ ಚಳಿಗೆ ಪೆಟ್ರೋಲ್ ತಣ್ಣಗಾದರೆ, ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಳದಲ್ಲಿರುವುದರಿಂದ ಎಂಜಿನ್ ಸರಿಯಾಗಿ ಓಡುವುದಿಲ್ಲ, ಮೇಲೆ ಉಳಿದಿದ್ದಕ್ಕೆ ಆಕ್ಟೇನ್ ಎರಡು ಮೂರು ಅಂಶ ಕಡಿಮೆ. ಎರಡೂ ವಿಮಾನಕ್ಕೆ ಆಗದು. ಮತ್ತೆ ಅಲುಗಾಡಿಸಿ ಬೆರೆಸಲು ಹೋಗಬೇಡಿ.

ಚಳಿ ಪ್ರದೇಶದವರಿಗೆ ಇನ್ನೊಂದು ಮಾತು. ಅಲ್ಲಿ ಚಳಿಗಾಲದ ಪೆಟ್ರೋಲನ್ನು ಬೇಗ ಆವಿಯಾಗುವಂತೆ ಮಾಡಿರುತ್ತಾರೆ. ವಿಮಾನಕ್ಕೆಂದೇ ಮಾಡಿದ ಪೆಟ್ರೋಲ್ ಆದ ಏವ್‌ಗ್ಯಾಸ್‌ನ ಆವಿ ಒತ್ತಡ 38ರಿಂದ 49 ಕಿಲೋಪ್ಯಾಸ್ಕಲ್ ನಡುವೆ ಇದ್ದರೆ, ಚಳಿಗಾಲದ ಬಂಕ್ ಪೆಟ್ರೋಲ್ 90 ದಾಟಬಹುದು. ಅದನ್ನು ಉಳಿಸಿಟ್ಟು ಬೇಸಿಗೆಯ ಮೊದಲ ಬಿಸಿ ದಿನ ಹಾರಿದರೆ ಪೈಪಿನಲ್ಲೇ ಗುಳ್ಳೆ ಕಟ್ಟಿ ಎಂಜಿನ್ನಿಗೆ ಪೆಟ್ರೋಲ್ ಹೋಗುವುದು ನಿಲ್ಲುತ್ತದೆ. ಋತು ಬದಲಾದಾಗ ಹಳೆಯದನ್ನು ಕಾರಿಗೆ ಸುರಿದು ಹೊಸದು ತನ್ನಿ.

## 7. ವಿಮಾನಕ್ಕೆ ತುಂಬುವುದು

ಯಾವಾಗಲೂ ಹೊರಗೆ, ಹ್ಯಾಂಗರಿನ ಒಳಗಲ್ಲ. ಮಾಸ್ಟರ್ ಸ್ವಿಚ್, ಇಗ್ನಿಷನ್ ಎರಡೂ ಆಫ್, ಒಳಗೆ ಯಾರೂ ಕೂತಿರಬಾರದು, ಫೋನು ದೂರ. ಹತ್ತಿ ಬಟ್ಟೆ ಹಾಕಿಕೊಳ್ಳಿ. ನೈಲಾನ್, ಉಣ್ಣೆಯ ಜಾಕೆಟ್ಟನ್ನು ಬಿಚ್ಚುವುದಾದರೆ ಮೊದಲೇ ದೂರದಲ್ಲಿ ಬಿಚ್ಚಿ ಬನ್ನಿ. ಅಗ್ನಿಶಾಮಕ ಕೈಗೆ ಸಿಗುವಂತೆ, ಗಾಳಿ ಬರುವ ಕಡೆ.

ಮೊದಲು ಕ್ಯಾನಿನ ತಳ ನೋಡಬೇಕು. ಕ್ಯಾನನ್ನು ಕಾಲು ಗಂಟೆ ಅಲುಗಾಡಿಸದೆ ಇಟ್ಟು, ತಳಕ್ಕೆ ಮುಟ್ಟುವ ಕೊಳವೆಯಿಂದ ಜಾಡಿಗೆ ಒಂದಿಷ್ಟು ತೆಗೆಯಿರಿ. ಕೈ ಪಂಪ್ ಬಳಸಿ. ಬಾಯಲ್ಲಿ ಎಳೆಯಬೇಡಿ, ಒಂದು ಗುಟುಕು ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ. ಜಾಡಿಯನ್ನು ಬೆಳಕಿಗೆ ಹಿಡಿಯಿರಿ: ತಳದಲ್ಲಿ ಉರುಳಾಡುವ ಗುಂಡು ಹನಿ ನೀರು, ಮಂಜು ಮಂಜಾಗಿದ್ದರೆ ನೀರು ಬೇರ್ಪಡುತ್ತಿದೆ, ಕಂದು ಪುಡಿ ಇದ್ದರೆ ಕ್ಯಾನಿನ ತುಕ್ಕು.

ಇದಾದ ಮೇಲೆ ತುಂಬುವ ಕ್ರಮ:

1. ಬರೀ ಕೈಯಿಂದ ವಿಮಾನದ ಬಣ್ಣವಿಲ್ಲದ ಲೋಹ ಮುಟ್ಟಿ. ನಿಮ್ಮ ಮೈ ಮೇಲಿನ ಚಾರ್ಜ್ ಅಲ್ಲೇ ಇಳಿಯುತ್ತದೆ.
2. ಬಾಂಡಿಂಗ್ ವೈರನ್ನು ವಿಮಾನದ ಲೋಹಕ್ಕೆ ಹಾಕಿ. ಇನ್ನೊಂದು ತುದಿ ಲೋಹದ ಕ್ಯಾನಿಗೆ. ಪ್ಲಾಸ್ಟಿಕ್ ಕ್ಯಾನಾದರೆ ಅದಕ್ಕೆ ಕ್ಲಿಪ್ ಹಾಕಿ ಏನೂ ಉಪಯೋಗ ಇಲ್ಲ, ಲೋಹದ ಆಲಿಕೆಗೆ ಹಾಕಿ.
3. ಈಗ ಮುಚ್ಚಳ ತೆಗೆಯಿರಿ. ವೈರ್ ಹಾಕುವ ಮುಂಚೆ ಅಲ್ಲ.
4. ಆಲಿಕೆಯ ಬಾಲ ಟ್ಯಾಂಕಿನ ಬಾಯಿಗೆ ತಾಗಿರಲಿ, ಕ್ಯಾನಿನ ಮೂತಿ ಆಲಿಕೆಗೆ ತಾಗಿರಲಿ.
5. ಸಣ್ಣ ಧಾರೆಯಲ್ಲಿ ಸುರಿಯಿರಿ. ಎತ್ತರದಿಂದ ಸುರಿದು ಚಿಮ್ಮಿಸಿದರೆ ಸ್ಟ್ಯಾಟಿಕ್ ಜಾಸ್ತಿ.
6. ಕೊನೆಯ ಅರ್ಧ ಲೀಟರ್ ಕ್ಯಾನಿನಲ್ಲೇ ಬಿಡಿ.
7. ಮುಚ್ಚಳ ಹಾಕಿ, ಆಮೇಲೆ ವೈರ್ ಬಿಚ್ಚಿ.

ಆರನೆಯದು ಜಿಪುಣರಿಗೆ ಕಷ್ಟ. ಆದರೆ ನೀರು, ಗಸಿ ಕೂತಿರುವುದು ಆ ಅರ್ಧ ಲೀಟರಿನಲ್ಲೇ.

ನೀರು ತಡೆಯುವ ಜಾಲರಿ ಇರುವ ಆಲಿಕೆಗಳು ಸಿಗುತ್ತವೆ, ಒಳ್ಳೆಯವೇ. ಬೇರೆಯಾಗಿ ನಿಂತ ನೀರನ್ನು ಅವು ತಡೆಯುತ್ತವೆ. ಎಥನಾಲಿನಲ್ಲಿ ಕರಗಿದ ನೀರು ಮಾತ್ರ ಸಲೀಸಾಗಿ ದಾಟಿ ಹೋಗುತ್ತದೆ. 'ನನ್ನ ಹತ್ರ ಆ ಆಲಿಕೆ ಇದೆ' ಅಂತ ಸುಮ್ನೆ ಧೈರ್ಯವಾಗಿರಬೇಡಿ. ಜಾಲರಿ ಮೂಲಕ ಹರಿಯುವಾಗ ಚಾರ್ಜೂ ಹೆಚ್ಚುತ್ತದೆ, ವೈರ್ ಇರಲೇಬೇಕು.

## 8. ಡ್ರೇನ್ ಪರೀಕ್ಷೆ ಮತ್ತು ಎಂಜಿನ್ ಚಾಲೂ

ತುಂಬಿದ ತಕ್ಷಣ ಡ್ರೇನ್ ಮಾಡಿದರೆ, ಅಂದರೆ ತಳದ ಬಸಿಯುವ ಕಿಂಡಿಯಿಂದ ಸ್ವಲ್ಪ ತೆಗೆದು ನೋಡಿದರೆ, ಏನೂ ಕಾಣುವುದಿಲ್ಲ, ನೀರು ಇನ್ನೂ ಇಳಿದಿರುವುದಿಲ್ಲ. ಕಾಲು ಗಂಟೆಯಾದರೂ ಬಿಟ್ಟು, ವಿಮಾನ ಮಟ್ಟವಾಗಿ ನಿಂತಿರುವಾಗ, ಒಂದೊಂದು ಡ್ರೇನಿನಿಂದಲೂ ಕಪ್‌ಗೆ ತೆಗೆಯಿರಿ.

ಇಲ್ಲಿ ಅನುಭವಿಗಳೂ ಮೋಸ ಹೋಗುತ್ತಾರೆ. ಕಪ್ ತುಂಬ ಬರೀ ನೀರೇ ಬಂದರೆ ಅದರಲ್ಲಿ ಗೆರೆ ಕಾಣುವುದಿಲ್ಲ, ಹನಿ ಕಾಣುವುದಿಲ್ಲ, ತಿಳಿಯಾಗಿ ಚೆನ್ನಾಗಿಯೇ ಕಾಣುತ್ತದೆ. 100 ಎಲ್‌ಎಲ್ ಏವ್‌ಗ್ಯಾಸ್ ನೀಲಿ, ಬಣ್ಣ ಇಲ್ಲ ಅಂದರೆ ಅನುಮಾನ ಬರುತ್ತದೆ. ಬಂಕ್ ಪೆಟ್ರೋಲ್ ಎಷ್ಟೋ ಕಡೆ ಬಣ್ಣವೇ ಇಲ್ಲದ ಹಾಗೆ ಇರುತ್ತದೆ. ಆದ್ದರಿಂದ ಮೂಸಿ ನೋಡಿ, ಕಾಗದದ ಮೇಲೆ ಹನಿ ಬಿಡಿ, ಅಥವಾ ಕಪ್ಪಿಗೆ ಬೇಕಂತಲೇ ಒಂದು ಹನಿ ನೀರು ಹಾಕಿ. ಅದು ಗುಂಡಾಗಿ ತಳಕ್ಕೆ ಹೋದರೆ ಕಪ್ಪಿನಲ್ಲಿರುವುದು ಪೆಟ್ರೋಲ್. ಬೆರೆತು ಮಾಯವಾದರೆ ನೀರು.

ಎಂಜಿನ್ ಚಾಲೂ ಮಾಡಿದ ಮೇಲೆ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೆಲದ ಮೇಲೆ ಓಡಿಸಿ, ಮಾನ್ಯುಯಲ್ ಹೇಳಿದಷ್ಟು ಪೂರ್ತಿ ಥ್ರಾಟಲ್ಲೂ ಕೊಟ್ಟು ನೋಡಿ. ಪೆಟ್ರೋಲ್ ಒತ್ತಡದ ಮುಳ್ಳು ನಡುಗುವುದು, ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಒರಟಾಗಿ ಓಡುವುದು, ಏರುವಾಗ ಆರ್‌ಪಿಎಂ ತಾನಾಗಿಯೇ ಇಳಿಯುವುದು: ಮೂರೂ ಆವಿ ಗುಳ್ಳೆಯ ಲಕ್ಷಣ. ನೆಲದ ಮೇಲೆ ಕಂಡರೆ ಹಾರಬೇಡಿ. ಮೇಲೆ ಹೋದ ಮೇಲೆ ಕಂಡರೆ ಸಹಾಯಕ ಪಂಪ್ ಆನ್ ಮಾಡಿ, ಮೂತಿ ಇಳಿಸಿ, ಹತ್ತಿರದ ರನ್‌ವೇಗೆ.

## 9. ಚೆಲ್ಲಿದ್ದು, ಹಳಸಿದ್ದು

ಚೆಲ್ಲಿದರೆ ಮೊದಲು ಎಲ್ಲವನ್ನೂ ನಿಲ್ಲಿಸಿ. ಸ್ವಿಚ್ ಮುಟ್ಟಬೇಡಿ, ಎಂಜಿನ್ ಚಾಲೂ ಮಾಡಬೇಡಿ, ವಿಮಾನವನ್ನು ಕೈಯಿಂದ ತಳ್ಳಿ ದೂರ ಮಾಡಿ. ಒಣ ಮರಳು ಹಾಕಿ ಹೀರಿಸಿ, ನೀರು ಹಾಯಿಸಿದರೆ ಚರಂಡಿ ತುಂಬ ಪೆಟ್ರೋಲ್ ಹರಡುತ್ತದೆ. ಒರೆಸಿದ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಆರಿಸಿ. ಬಟ್ಟೆ ನೆನೆದಿದ್ದರೆ ಮೊದಲು ನೀರು ಸುರಿದುಕೊಂಡು ಆಮೇಲೆ ಬಿಚ್ಚಿ, ಒಣ ಬಟ್ಟೆ ಎಳೆಯುವಾಗಲೂ ಕಿಡಿ ಹಾರಬಹುದು.

ಹಳಸಿದ ಪೆಟ್ರೋಲ್ ಹುಳಿ ಹುಳಿಯಾಗಿ, ವಾರ್ನಿಷ್ ಥರ ನಾರುತ್ತದೆ, ಬಣ್ಣ ಗಾಢವಾಗುತ್ತದೆ. ಬರೀ ತಾರೀಕು ಮೀರಿದ್ದು, ವಾಸನೆ ಸರಿಯಾಗಿದೆ ಅಂದರೆ ಕಾರಿನ ಮುಕ್ಕಾಲು ತುಂಬಿದ ಟ್ಯಾಂಕಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸಿ. ನೀರು ಬೇರ್ಪಟ್ಟಿದ್ದು, ಹಳಸಿ ನಾರುವುದು ಕಾರಿಗೂ ಬೇಡ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಖಾಲಿಯಾದ ಕ್ಯಾನಿಗೆ ಒಂದು ಲೋಟ ಒಳ್ಳೇ ಪೆಟ್ರೋಲ್ ಹಾಕಿ ಕುಲುಕಿ, ಅದನ್ನು ಜಾಡಿಗೆ ಬಗ್ಗಿಸಿ ನೋಡಿ. ಪುಡಿ ಬರುತ್ತಲೇ ಇದ್ದರೆ ಆ ಕ್ಯಾನನ್ನು ಮತ್ತೆ ವಿಮಾನದ ಹತ್ತಿರ ತರಬೇಡಿ.